ಮೊಳೆ ಹೊಡೆಯಲು ಅಪ್ಪಣೆ

ನನ್ನ ಅಪ್ಪ ಪಾದ್ರಿ. ಕಾರವಾರದಲ್ಲಿ ಹೀಗೆ ಹೇಳಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಅಯ್ಯೋ ಪಾಪ ಅನ್ನುತ್ತಾರೆ. ಅವರು ಕಂಡ ಪಾದ್ರಿಗಳೆಲ್ಲ ಕ್ಯಾಥೋಲಿಕರು, ಹೆಂಡತಿ ಮಕ್ಕಳ ಗೋಜಿಲ್ಲದವರು. ನಮ್ಮದು ಆಂಗ್ಲಿಕನ್ ಪದ್ಧತಿ, ನಮ್ಮ ಪಾದ್ರಿಗಳು ಧಾರಾಳವಾಗಿ ಮದುವೆಯಾಗಬಹುದು ಎಂದು ಎಷ್ಟು ಜನರಿಗೆ ಬಿಡಿಸಿ ಹೇಳಲಿ? ಒಮ್ಮೆ ಅಂಕೋಲೆಯ ಬಸ್ಸಿನಲ್ಲಿ ಒಬ್ಬಾಕೆ ನನ್ನ ಕೈ ಹಿಡಿದು, "ಇರ್ಲಿ ಮಗಾ, ಅದರಲ್ಲಿ ನಿನ್ನದೇನು ತಪ್ಪು?" ಎಂದು ಸಮಾಧಾನ ಹೇಳಿದಳು. ನಾನು ಥ್ಯಾಂಕ್ಸ್ ಹೇಳಿ ಇಳಿದೆ.

ಮದುವೆಯೇನೋ ಆಗಬಹುದು. ಸಂಸಾರಕ್ಕೆ ಪುರುಸೊತ್ತು ಬೇಕಲ್ಲ! ನಾನು ಹುಟ್ಟಿದ ದಿನ ಅಪ್ಪ ಅಂಕೋಲೆಯಲ್ಲಿ ಇನ್ಯಾರದೋ ಮಗುವಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದರು. ಅಮ್ಮನ ಆಪರೇಷನ್ ದಿನ ಬಿಷಪ್ಪರ ಭೇಟಿ ಇತ್ತು. ಆಸ್ಪತ್ರೆಗೆ ಅಪ್ಪ ಬರಲಿಲ್ಲ, ಪ್ರಾರ್ಥನೆ ಕಳಿಸಿದರು. ಬೇರೆಯವರ ಮನೆಯ ರೋಗಿಗಳಾದರೆ ಖುದ್ದಾಗಿ ಹೋಗುತ್ತಿದ್ದರು.

ಇನ್ನು ನಾವಿದ್ದ ಮನೆ. ಪಾದ್ರಿಮನೆ ಅಂತ ಹೆಸರೇ ಹೊರತು ಅದು ಪಾದ್ರಿಯದ್ದಲ್ಲ, ಚರ್ಚಿನದು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಚರ್ಚಿನ ಕಮಿಟಿ ಒಪ್ಪಬೇಕು. ತೀರಿಹೋದ ತನ್ನ ತಾಯಿಯ ಫೋಟೊ ಹಾಕಬೇಕೆಂದು ಅಮ್ಮ ಒಮ್ಮೆ ಅಪ್ಪಣೆ ಕೇಳಿದಳು. ಕಮಿಟಿ ಪ್ರಾರ್ಥನೆಯಿಂದ ಶುರುವಾಗಿ, ಚಹಾ ಅವಲಕ್ಕಿ ಮುಗಿಸಿ, "ಮುಂದಿನ ಮೀಟಿಂಗಿಗೆ ನೋಡುವಾ" ಎಂದು ಎದ್ದುಹೋಯಿತು. ಆ ಚಹಾ ಮಾಡಿದವಳೂ ಅಮ್ಮನೇ. ಅಷ್ಟರಲ್ಲಿ ನಮಗೆ ವರ್ಗವಾಯಿತು. ಆಮೇಲೆ ಯಾವ ಊರಿನಲ್ಲೂ ಅವಳು ಕೇಳಲಿಲ್ಲ. ಅಜ್ಜಿ ಟ್ರಂಕಿನಲ್ಲೇ ಜಿಲ್ಲೆಯೆಲ್ಲ ಸುತ್ತಿ, ಕಡೆಗೆ ನಮ್ಮ ಜೊತೆ ಕಾರವಾರಕ್ಕೆ ವಾಪಸು ಬಂದಳು.

ಕಳೆದ ವರ್ಷ ಅಪ್ಪ ನಿವೃತ್ತರಾದರು. ಹೊಸ ಪಾದ್ರಿಯ ಸಾಮಾನಿನ ಲಾರಿ ಬರುವುದರೊಳಗೆ ನಾವು ಖಾಲಿ ಮಾಡಬೇಕಿತ್ತು. ಪರಲೋಕದಲ್ಲಿ ಮನೆ ಸಿದ್ಧವಿದೆ ಎಂದು ಊರಿಗೆಲ್ಲ ಭರವಸೆ ಕೊಟ್ಟವರು ಈ ಲೋಕದಲ್ಲಿ ಒಂದು ಕೋಣೆಯನ್ನೂ ನೋಡಿಟ್ಟಿರಲಿಲ್ಲ. "ದೇವರು ಒದಗಿಸ್ತಾನೆ" ಎಂದರು.

"ಬ್ರೋಕರ್ ಹತ್ರ ಮಾತಾಡೋದೂ ಅವನೇನಾ?" ಎಂದೆ ನಾನು.

ಅಮ್ಮನಿಗೆ ಬೇಕಾಗಿದ್ದುದು ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಿಲ್ಲದ ಒಂದು ಮನೆ. ಅಷ್ಟೇ. ನಾಲ್ಕಾರು ಕಡೆ ಅಲೆದ ಮೇಲೆ ಹಬ್ಬುವಾಡದಲ್ಲಿ ಅಂಥದ್ದೊಂದು ಕಂಡಿತು. ಮಾಲಕಿ ತೋಡೂರಿನ ರೈತರ ಮನೆಯ ಅಜ್ಜಿ. ನೌಕಾನೆಲೆಗೆ ಗದ್ದೆ ಮನೆ ಎಲ್ಲ ಹೋದಮೇಲೆ ಇಲ್ಲಿ ಬಂದು ಕಟ್ಟಿಸಿದವಳು. ಮಗನಿಗೆ ಕೈಗಾದಲ್ಲಿ ಕೆಲಸ. ಮಹಡಿಯಲ್ಲಿ ತಾವಿದ್ದು ಕೆಳಗಿನದನ್ನು ಬಾಡಿಗೆಗೆ ಕೊಡುತ್ತಿದ್ದರು. "ಮೊಳೆ ಎಷ್ಟು ಬೇಕಾದ್ರೂ ಹೊಡ್ಕೊಳ್ಳಿ, ಗೋಡೆ ಗಟ್ಟಿ ಉಂಟು" ಎಂದಾಗ ಅಮ್ಮ ಆ ಗೋಡೆಯ ಮೇಲೆ ಕೈಯಿಟ್ಟವಳು ತೆಗೆಯಲೇ ಇಲ್ಲ.

ಮಾಲಕಿ ಅಜ್ಜಿ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. "ಪಾದ್ರಿ ಅಂತೀರಿ. ಹೆಂಡತಿ, ಮಗಳು ಅಂತೀರಿ. ಇದೆಂತ ಕತೆ?" ಎಂದು ಕೇಳಿ, ಉತ್ತರವನ್ನೂ ತಾನೇ ಕೊಟ್ಟಳು. "ಗೊತ್ತಾಯ್ತು ಬಿಡಿ. ಇವಳಿಗೋಸ್ಕರ ಪಾದ್ರಿ ಕೆಲಸ ಬಿಟ್ಟು ಬಂದ್ರಿ, ಅಲ್ವಾ?" ಅವಳ ಕಣ್ಣು ತುಂಬಿತು. "ಪುಣ್ಯ ಮಾಡಿದ್ದೆ ತಂಗಿ ನೀನು. ನಮ್ಮನೆಯವರು ನನಗೋಸ್ಕರ ಬೀಡಿ ಸಹ ಬಿಡ್ಲಿಲ್ಲ. ಇಂಥವರಿಗೆ ಕೊಡದೆ ಮನೆ ಇನ್ಯಾರಿಗೆ ಕೊಡಲಿ?"

ಬೀಗದ ಕೈ ಸೊಂಟದಿಂದ ಹೊರಗೆ ಬಂತು. ನಾನು ಅಪ್ಪನ ಕಾಲು ತುಳಿದೆ. ತುಳಿದು ಏನುಪಯೋಗ, ಅಪ್ಪನಿಗೆ ಸತ್ಯದ ಚಟ.

"ಹಾಗಲ್ಲ ಅಮ್ಮಾ. ನಮ್ಮ ಚರ್ಚಿನ ಪದ್ಧತಿಯಲ್ಲಿ ಪಾದ್ರಿಗಳು ಮದುವೆಯಾಗಬಹುದು. ನಾನು ಇವಳಿಗೋಸ್ಕರ ಏನನ್ನೂ ಬಿಟ್ಟಿಲ್ಲ."

ಮುಗೀತು! ಇಡೀ ಆಯುಷ್ಯದಲ್ಲಿ ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಬೀಗದ ಕೈ ಅಜ್ಜಿಯ ಮುಷ್ಟಿಯೊಳಗೆ ಹೋಯಿತು. ಅವಳು ಅಮ್ಮನ ಕಡೆ ತಿರುಗಿದಳು.

"ಏನೂ ಬಿಡ್ಲಿಲ್ವಾ?"

"ಏನೂ ಇಲ್ಲ" ಎಂದಳು ಅಮ್ಮ. "ಒಂದು ಭಾನುವಾರ ಸಹ ಇಲ್ಲ."

ಅಪ್ಪ ತಲೆ ತಗ್ಗಿಸಿದರು. ಅಜ್ಜಿ ಅಮ್ಮನ ಕೈ ಎಳೆದು ಬೀಗದ ಕೈ ಅದರೊಳಗಿಟ್ಟಳು.

"ಹಾಗಾದ್ರೆ ಮನೆ ನಿನಗೆ. ಕರಾರು ನಿನ್ನ ಹೆಸರಿಗೇ ಆಗ್ಲಿ. ಇವರು ಬೇಕಾದ್ರೆ ಇರ್ಲಿ."

ಸಾಮಾನು ಇಳಿಸಿದ ದಿನ ಅಮ್ಮ ಮೊದಲು ಬಿಚ್ಚಿದ್ದು ಟ್ರಂಕನ್ನೇ. ಸುತ್ತಿಗೆ ಹಿಡಿದು ತಾನೇ ಮೊಳೆ ಹೊಡೆದಳು. ಟ್ರಂಕಿನ ಅಜ್ಜಿ ಗೋಡೆಗೇರಿದಳು. ಅಮ್ಮ ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಹತ್ತಿರ ಹೋಗಿ ಫೋಟೊ ನೇರ ಮಾಡಿದಳು. ಅಷ್ಟರಲ್ಲಿ ಅಪ್ಪ ಬಿಷಪ್ಪರ ಜೊತೆ ತಾವಿದ್ದ ದೊಡ್ಡ ಫೋಟೊ ಎತ್ತಿಕೊಂಡು ಬಂದರು.

"ಇದನ್ನ ಎಲ್ಲಿ ಹಾಕುವಾ?"

ಅಮ್ಮ ತಿರುಗಿಯೂ ನೋಡಲಿಲ್ಲ. "ಮುಂದಿನ ಮೀಟಿಂಗಿಗೆ ನೋಡುವಾ" ಎಂದಳು.

ಅಪ್ಪ ಫೋಟೊವನ್ನು ಗೋಡೆಗೆ ಒರಗಿಸಿ, ಚಹಾ ಮಾಡಲು ಒಳಗೆ ಹೋದರು.