ಅಪ್ಪನ ತಿಥಿ ತಿಳಿದ ದಿನ

ಹೋದ ವರ್ಷದ ಪಿತೃಪಕ್ಷಕ್ಕೆ ಇನ್ನೂ ಕೆಲವು ದಿನಗಳಿದ್ದಾಗ ನಡೆದ ಸಂಗತಿಯಿದು. ಗುಬ್ಬಿಯಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನನಗೆ ಆಗ ಎಂಬತ್ತೆರಡು. ನನ್ನ ತಂದೆಯವರು ಎರಡನೆಯ ಮಹಾಯುದ್ಧದಲ್ಲಿ ಸೇನೆಯ ವೈರ್‌ಲೆಸ್ ವಿಭಾಗದಲ್ಲಿದ್ದರು. ನಾನಿನ್ನೂ ತೊಟ್ಟಿಲಲ್ಲಿದ್ದಾಗ, ನಲವತ್ತನಾಲ್ಕನೆಯ ಇಸವಿಯಲ್ಲಿ, ಮಣಿಪುರದ ಗುಡ್ಡಗಳ ಸಣ್ಣ ಠಾಣೆಯೊಂದರಲ್ಲಿ ಕಾಣೆಯಾದರೆಂದು ತಂತಿ ಬಂದಿತಂತೆ. ಅದರಲ್ಲಿ ಠಾಣೆಯ ಹೆಸರಿತ್ತು, ದಿನವಿರಲಿಲ್ಲ.

ತಿಥಿ ತಿಳಿಯದವರಿಗೆ ಮಹಾಲಯ ಅಮಾವಾಸ್ಯೆಯಂದು ಶ್ರಾದ್ಧ ಮಾಡುವುದು ಪದ್ಧತಿ. ನಾನೂ ಹಾಗೆಯೇ ನಡೆಸಿಕೊಂಡು ಬಂದೆ. ಕುಣಿಗಲ್ಲಿನಲ್ಲಿರುವ ನನ್ನಕ್ಕ ಪುಟ್ಟಮ್ಮನಿಗೆ ಮಾತ್ರ ಅದರಿಂದ ಸಮಾಧಾನವಿಲ್ಲ. ಅಪ್ಪನ ಹೆಗಲೇರಿದ ನೆನಪಿರುವುದು ಅವಳೊಬ್ಬಳಿಗೇ. “ಇದು ಊರೋರ್ಗೆಲ್ಲಾ ಇರೋ ದಿನ ಕಣೋ. ಅಪ್ಪಂದೇ ದಿನ ಯಾವ್ದು ಅಂತ ನಾನ್ ಹೋಗೋದ್ರೊಳಗೆ ಹೇಳ್ಬುಡು” ಎನ್ನುತ್ತಿದ್ದಳು.

ತುಮಕೂರಿನ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸುವ ಮೊಮ್ಮಗಳು ಶಾಂಭವಿ ಆ ಭಾನುವಾರ ನನ್ನ ಪೂಜೆ ಮುಗಿಯುವುದನ್ನೇ ಕಾದು ಕುಳಿತಿದ್ದಳು. ಜಪಾನೀಯರ ನಡೆಯನ್ನು ಅಂದಾಜಿಸಿ ಬ್ರಿಟಿಷ್ ಬೇಹುಗಾರರು ಬರೆದ ವರದಿಗಳನ್ನು ಅವಳು ಸಂಪಾದಿಸಿದ್ದಳು. ಊಟದ ಮೇಜಿನ ಮೇಲೆ ನನ್ನ ಉತ್ತರೀಯವನ್ನು ಬರ್ಮಾದ ಚಿಂದ್ವಿನ್ ನದಿಯೆಂದು ಹಾಸಿ, ಲೋಟಗಳನ್ನು ಗುಡ್ಡಗಳೆಂದು ಬೋರಲಿಟ್ಟಳು. ಉತ್ತರದ ಕಾಡುದಾರಿಯಲ್ಲಿ ಸಣ್ಣ ಪಡೆಯಷ್ಟೇ ಬರಬಲ್ಲದೆಂದು ಬೇಹುಗಾರರು ಎಣಿಸಿದ್ದರಂತೆ. ಬಂದದ್ದು ಮಹಾಸೈನ್ಯ. ಅಪ್ಪನ ಠಾಣೆಯಿದ್ದದ್ದು ಅದೇ ದಾರಿಯಲ್ಲಿ.

ದಿನದಿನದ ವರದಿ ಓದಿದಂತೆಲ್ಲ ವೈರಿಯು ಒಂದೊಂದೇ ಲೋಟ ದಾಟಿ ಹತ್ತಿರವಾಗುತ್ತಿದ್ದ. ನನಗೆ ಕೂರಲಾಗಲಿಲ್ಲ, ಎದ್ದು ನಿಂತೇ ಕೇಳಿದೆ. ಶಾಂಭವಿಯ ದನಿ ತಗ್ಗಿತು. “ಮಾರ್ಚ್ ಕೊನೇ ಶನಿವಾರ ಮಧ್ಯಾಹ್ನ ಆ ಠಾಣೆ ವೈರ್‌ಲೆಸ್ ನಿಂತೋಯ್ತು ತಾತ. ಅಲ್ಲಿದ್ದೋರು ಯಾರೂ ವಾಪಸ್ ಬರ್ಲಿಲ್ಲ.”

ನಮ್ಮ ತಾತನವರು ಕೂಡಿಟ್ಟಿದ್ದ ಹಳೆಯ ಪಂಚಾಂಗಗಳ ಗಂಟನ್ನು ಅಟ್ಟದಿಂದ ಇಳಿಸಿದೆವು. ಸ್ವಭಾನು ಸಂವತ್ಸರದ ಪಂಚಾಂಗವನ್ನು ತಿರುವಿದೆ. ಅದು ಶುಕ್ರವಾರದ ಅಮಾವಾಸ್ಯೆಗೇ ಮುಗಿದುಹೋಯಿತು. ಮುಂದಿನದು ತಾರಣ. ಅದರ ಮೊದಲ ಪುಟದ ಮೊದಲ ಸಾಲಿನಲ್ಲಿಯೇ ಶನಿವಾರವಿತ್ತು: ಚೈತ್ರ ಶುದ್ಧ ಪಾಡ್ಯ. ಯುಗಾದಿ!

ತಿಥಿ ಸಿಕ್ಕ ಸಂಭ್ರಮದ ಬೆನ್ನಿಗೇ ಅಕ್ಕನ ನೆನಪಾಯಿತು. ಯುಗಾದಿಯೆಂದರೆ ಅಕ್ಕ ಬೀದಿಗೆಲ್ಲ ಒಬ್ಬಟ್ಟು ಹಂಚುವವಳು. ಇಷ್ಟು ವರ್ಷ ಅಪ್ಪ ಅಳಿದ ದಿನವೇ ಹಬ್ಬದೂಟ ಉಂಡೆವೆಂದು ಅವಳಿಗೆ ಹೇಗೆ ಹೇಳಲಿ? ಫೋನಿನಲ್ಲಿ ಹೇಳುವ ಮಾತಲ್ಲವೆಂದು ಅಂದೇ ತುಮಕೂರಿನಲ್ಲಿ ಬಸ್ಸು ಬದಲಿಸಿ ಕುಣಿಗಲ್ಲಿಗೆ ಹೋದೆವು. ದಾರಿಯುದ್ದಕ್ಕೂ ಶಿವನಾಮವೊಂದೇ ನನಗೆ ಆಸರೆ.

ಅಕ್ಕ ಅಲಸಂದೆಕಾಯಿ ಸುಲಿಯುತ್ತಿದ್ದಳು. ಎಲ್ಲವನ್ನೂ ಕೇಳಿ ಮೊರವನ್ನು ಪಕ್ಕಕ್ಕಿಟ್ಟಳು. ಎಷ್ಟು ಹೊತ್ತಿಗೆಂದು ಕೇಳಿದಳು. ಮಧ್ಯಾಹ್ನವೆಂದೆ.

“ಎಲೆ ಹಾಕೋ ಹೊತ್ತು” ಎಂದಳು. ಮುಖ ಅರಳಿತು, ಕಣ್ಣು ತುಂಬಿತು. “ಒಬ್ಬಟ್ಟು ಅಂದ್ರೆ ಪ್ರಾಣ ಬುಡ್ತಿದ್ರು ಅಪ್ಪ. ಗೊತ್ತಿಲ್ದೇನೆ ಅವ್ರಿಗೇ ಬಡಿಸಿದೀವಿ ಬುಡು. ನೀನ್ಯಾಕೋ ಮುಖ ಹಿಂಗ್ ಮಾಡ್ಕೊಂಡಿದೀಯ?”

ಈ ಯುಗಾದಿಯಂದು ಅವಳ ಮನೆಯಲ್ಲೇ ಶ್ರಾದ್ಧ ಮಾಡಿದೆ. ಮುಖವನ್ನೇ ನೋಡಿರದ ತಂದೆಯನ್ನು ಅವರದೇ ತಿಥಿಯಲ್ಲಿ ಹೆಸರು ಹಿಡಿದು ಕರೆದಾಗ ಮೈಯೆಲ್ಲ ಪುಲಕಗೊಂಡದ್ದು ಇಂದಿಗೂ ಇಳಿದಿಲ್ಲ. ಅಪ್ಪನ ಹೆಸರಿನ ಎಲೆಗೆ ಎರಡು ಒಬ್ಬಟ್ಟು ಬಡಿಸಿದ ಅಕ್ಕ ಕ್ಷಣಕಾಲ ನಿಂತು, ಮತ್ತೊಂದನ್ನು ಇಟ್ಟಳು.

“ಅಷ್ಟ್ ದೂರದಿಂದ ಬಂದವ್ರೆ” ಎಂದಳು.