ಬೆಲ್ಲ ಹೆಚ್ಚಾದ ಗಾರೆ

ಚೊಚ್ಚಲ ಹೆರಿಗೆಗೆಂದು ನಾನು ಚನ್ನರಾಯಪಟ್ಟಣದಿಂದ ಅರಕಲಗೂಡಿನ ತವರಿಗೆ ಬಂದದ್ದು ಯುದ್ಧ ನಡೆಯುತ್ತಿದ್ದ ಕಾಲದಲ್ಲಿ. ನನಗೆಂದು ಅವ್ವ ಹಸನು ಮಾಡಿಟ್ಟ ಕೋಣೆಯ ತಾರಸಿ, ಗೋಡೆ ಸೇರುವ ಕಡೆ ಬಿರುಕು ಬಿಟ್ಟಿತ್ತು. ಮಳೆಗಾಲ ಎದುರಿಗೇ ಇತ್ತು. ಹಸುಗೂಸಿನ ಮೇಲೆ ನೀರು ತೊಟ್ಟಿಕ್ಕಿದರೆ ಏನು ಗತಿ ಎಂದು ನಾನು ಕೂತಲ್ಲಿ ನಿಂತಲ್ಲಿ ಅದನ್ನೇ ಯೋಚಿಸುತ್ತಿದ್ದೆ.

ಗಾರೆ ಕೆಲಸದವನು ಬಂದು ಬಿರುಕಿಗೆ ಮೆತ್ತಲು ಸುಣ್ಣ, ಮರಳು ಅರೆದಿಟ್ಟ. "ಇದ್ಕೆ ಒಸಿ ಬೆಲ್ಲದ ನೀರು ಬಿಟ್ಟಿರಿ ಸಾ, ಗಟ್ಟಿ ಕಚ್ಕೊಳ್ತದೆ. ನಾಳಿಕ್ಕೆ ಬಂದು ಮೆತ್ತೀನಿ" ಎಂದು ಹೇಳಿ ಶಾಂತಿಗ್ರಾಮದ ನೆಂಟರ ಮನೆಗೆ ಹೋದ. ಹೇಳಿದ್ದು ಯಾರಿಗೆ? ಬೆಲ್ಲದ ಮಂಡಿ ಇಟ್ಟ ನನ್ನಪ್ಪನಿಗೆ! ಒಸಿ ಬೆಲ್ಲದಿಂದ ಗಟ್ಟಿಯಾಗುವುದಾದರೆ ಜಾಸ್ತಿ ಬೆಲ್ಲದಿಂದ ಕಲ್ಲೇ ಆಗಬೇಕಲ್ಲ? ಅಪ್ಪ ಅಚ್ಚುಗಟ್ಟಲೆ ಕರಗಿಸಿ ಸುರಿದರು. ಹಬ್ಬದ ಹೂರಣಕ್ಕೂ ಅವ್ವನಿಗೆ ಅಷ್ಟು ಧಾರಾಳವಾಗಿ ಕೊಟ್ಟವರಲ್ಲ. ನಾಳೆಯವರೆಗೆ ಕಾಯಲೂ ಇಲ್ಲ, ಪಂಚೆ ಎತ್ತಿ ಕಟ್ಟಿ ತಾವೇ ಮೆತ್ತಿ ಬಂದರು.

ಅದು ಒಣಗಲಿಲ್ಲ. ಬಿಸಿಲೇರಿದಂತೆ ಬಿರುಕಿನೊಳಗಿಂದ ಇಳಿದು, ಕೋಣೆಯ ಬಿಳಿ ಗೋಡೆಯ ಮೇಲೆ ಕಂದು ಪಟ್ಟೆ ಎಳೆದು, ನನ್ನ ಮಂಚದ ಪಕ್ಕ ಅಂಟಂಟಾಗಿ ನಿಂತಿತು. ಹಿಂದೆಯೇ ಇರುವೆ. ಅರಕಲಗೂಡಿನ ಇರುವೆಗಳೆಲ್ಲ ನಮ್ಮ ಮನೆಗೇ ಬಂದವೋ ಏನೋ.

"ಸುಣ್ಣ ಅಳೇದು ಕಣೆ" ಎಂದರು ಅಪ್ಪ.

"ಊಂ, ಸುಣ್ಣದ್ದೇ ತಪ್ಪು" ಎಂದಳು ಅವ್ವ. ಬಿಸಿನೀರು, ತೆಂಗಿನ ನಾರು ತಂದು ಉಜ್ಜಲು ಕೂತಳು. ಉಜ್ಜಿದಷ್ಟೂ ಅಂಟು ಹರಡಿತು. ಅಪ್ಪ ಹಳೇ ಕುಡುಗೋಲಿನಿಂದ ಗೋಡೆ ಕೆರೆದರು. ನಾನು ಮಣೆಯ ಮೇಲೆ ಕೂತು ಕೈಗೆಟಕುವಷ್ಟು ಒರೆಸಿದೆ. ಅತ್ತೆಮನೆಯಲ್ಲಿ ಬಾಯಿ ಬಿಗಿಹಿಡಿದು ಬಾಳಿದ್ದ ನನಗೆ ಅವತ್ತು ಅವರಿಬ್ಬರ ಜಗಳ ಕೇಳುತ್ತ ಕೂರುವುದೇ ಸುಖವಾಗಿತ್ತು. ನಕ್ಕೂ ನಕ್ಕೂ ಪಕ್ಕೆ ಹಿಡಿಯಿತು.

ಹಿಡಿದದ್ದು ಪಕ್ಕೆಯಲ್ಲ, ನೋವು ಶುರುವಾಗಿತ್ತು. ಕೋಣೆಯಲ್ಲಿ ಕಾಲಿಟ್ಟರೆ ಕಾಲು ಅಂಟುತ್ತದೆ, ಮಂಚದ ಕಾಲಿಗೆ ಇರುವೆ ಹತ್ತಿದೆ. ನನಗೆ ಅಳುವೇ ಬಂತು. ಎಲ್ಲಿ ಹೆರಲಿ?

ಬೀದಿ ಕಡೆಯ ಕೋಣೆ ಅಪ್ಪನದು. ಅವರ ಪೂಜೆ, ಅವರ ನಿದ್ದೆ ಎಲ್ಲ ಅಲ್ಲೇ. ಕೇಳದೆ ನಾವು ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ. ಅವ್ವ ಅವರ ಮುಖವನ್ನಷ್ಟೇ ನೋಡಿದಳು. ಅಪ್ಪ ಕುಡುಗೋಲು ಕೆಳಗಿಟ್ಟು, ಒಳಗೆ ಹೋಗಿ, ತಮ್ಮ ಹಾಸಿಗೆ ಸುತ್ತಿ ಬಗಲಿಗಿಟ್ಟುಕೊಂಡು ಮಂಡಿಗೆ ನಡೆದರು.

ಮಗಳು ಹುಟ್ಟಿದಳು. ಸುದ್ದಿ ಹೋದ ಮೇಲೆ ಅಪ್ಪ ಬಂದು, ತಮ್ಮದೇ ಕೋಣೆಯ ಬಾಗಿಲಲ್ಲಿ ನೆಂಟರ ಹಾಗೆ ನಿಂತರು. ಒಳಗೆ ಕರೆದೆ. ಕಣ್ಣು ಮುಚ್ಚಿದ ನನಗೆ ಮತ್ತೆ ನಿದ್ದೆ ಹತ್ತಿತು ಅಂದುಕೊಂಡರೋ ಏನೋ, ಕೂಸಿನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು: "ತಪ್ಪು ನಂದೇ ಕಣವ್ವ. ಬೆಲ್ಲ ಜಾಸ್ತಿ ಆಯ್ತು."

ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು. "ಇನ್ನೊಂದು ಕಿತ ಅನ್ನಿ. ಈ ಮಾತ್ಗೆ ಮದ್ವೆ ಆದಾಗ್ಲಿಂದ ಕಾಯ್ತಾ ಇವ್ನಿ."