ಸೆಟ್ಲ್‌ಮೆಂಟ್ ಲಾಡು

ಲಾಡು ಕಂಡರೆ ನನಗೆ ಮೈ ಉರಿಯುತ್ತದೆ. ಮದುವೆಮನೆಯಲ್ಲಿ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ. ಶುಗರ್ ಇದೆಯಾ ಎಂದು ಪಕ್ಕದವರು ಕೇಳುತ್ತಾರೆ. ಹೌದು ಅಂದುಬಿಡುತ್ತೇನೆ. ಕಾರಣ ಹೇಳುತ್ತ ಕೂತರೆ ಊಟ ತಣ್ಣಗಾಗುತ್ತದೆ.

ನಾವಾಗ ರಾಮಮೂರ್ತಿ ನಗರದಲ್ಲಿ ಬಾಡಿಗೆಗಿದ್ದೆವು. ನೆಲಮಹಡಿ, ಬೀದಿಗೆ ತೆರೆಯುವ ಒಂದು ದೊಡ್ಡ ಕಿಟಕಿ. ಆ ಕಿಟಕಿಯೇ ನನ್ನ ಅಂಗಡಿ. ಒಳಗೆ ಹೊಲಿಗೆ ಮಷೀನು, ಹೊರಗೆ ಬ್ಲೌಸ್ ಪೀಸ್ ಹಿಡಿದು ನಿಂತ ಹೆಂಗಸರು. ತರಕಾರಿಗೆ ಹೊರಟವಳು ಅಳತೆ ಕೊಟ್ಟು ಹೋಗುತ್ತಿದ್ದಳು, ಮಗುವನ್ನು ಶಾಲೆಯಿಂದ ಕರೆತರುವವಳು ಹೊಲಿದದ್ದನ್ನು ಒಯ್ಯುತ್ತಿದ್ದಳು. ಬೋರ್ಡು ಗೀರ್ಡು ಏನೂ ಇರಲಿಲ್ಲ. ಕಿಟಕಿ ಹೋದರೆ ನನ್ನ ಕೆಲಸವೂ ಹೋದಂತೆ. ಇದು ನನಗೂ ಗೊತ್ತಿತ್ತು, ಮೇಲಿನ ಮಹಡಿಯಲ್ಲಿದ್ದ ಓನರಿಗೂ ಗೊತ್ತಿತ್ತು.

ನನ್ನ ಗಂಡ ದೊಡ್ಡನೆಕ್ಕುಂದಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ಮಿಲಿಟರಿಗೆ ಸಾಮಾನು ಮಾಡುವ ಕಾರ್ಖಾನೆ. ದೆಹಲಿಯಿಂದ ದೊಡ್ಡ ಆರ್ಡರ್ ಬಂದರೆ ಅಲ್ಲಿ ಓವರ್‌ಟೈಮು, ಅಲ್ಲಿನ ನೌಕರರೇ ತುಂಬಿದ ನಮ್ಮ ಬೀದಿಯಲ್ಲಿ ಮನೆಗಳ ಮೇಲೆ ಹೊಸ ಮಹಡಿ. ಆದರೆ ನನ್ನ ಗಂಡ ಕಾರ್ಖಾನೆಯ ನೌಕರರಲ್ಲ, ಕಂಟ್ರಾಕ್ಟರನ ಆಳು. ಒಳಗೆ ಹೋಗುವ ಗೇಟು ಒಂದೇ, ಸಂಬಳ ಬೇರೆ.

ಕೆಲವು ವರ್ಷಕ್ಕೊಮ್ಮೆ ಅಲ್ಲಿ ಯೂನಿಯನ್ನಿಗೂ ಆಡಳಿತಕ್ಕೂ ಸಂಬಳದ ಒಪ್ಪಂದವಾಗುತ್ತದೆ. ಎಲ್ಲರೂ ಅದಕ್ಕೆ ಸೆಟ್ಲ್‌ಮೆಂಟ್ ಎನ್ನುತ್ತಾರೆ. ಸಹಿ ಬಿದ್ದ ದಿನ ಗೇಟಿನ ಮುಂದೆ ಪಟಾಕಿ, ಒಳಗೆ ಎಲ್ಲರಿಗೂ ಲಾಡು. ಆ ಲಾಡು ಕಟ್ಟುವವರು ಯಾರು? ನಮ್ಮವರೇ! ಬೆಳಗಿನಿಂದ ಬೂಂದಿ ಕರಿದು, ಬಿಸಿ ಪಾಕದಲ್ಲಿ ಕೈ ಸುಟ್ಟುಕೊಂಡು, ಸಂಜೆ ಉಳಿದದ್ದರಲ್ಲಿ ನಾಲ್ಕು ತರುತ್ತಿದ್ದರು. ಅದರಲ್ಲೆರಡನ್ನು ಓನರಿಗೆ ಕೊಟ್ಟು ಬರುವುದು ಅವರ ಹುಚ್ಚು.

ಕಳೆದ ಸಲ ಓನರು ಲಾಡು ಜಗಿಯುತ್ತಲೇ ಮೆಟ್ಟಿಲಿಳಿದು ಬಂದ.

"ಸೆಟ್ಲ್‌ಮೆಂಟ್ ಆಯ್ತಂತಲ್ಲಮ್ಮ, ಒಳ್ಳೇದಾಯ್ತು. ಮುಂದಿನ ತಿಂಗಳಿಂದ ಬಾಡಿಗೆ ಏರಿಸ್ತಿದೀನಿ."

"ಸಾರ್, ನಮ್ಮೋರಿಗೆ ಒಂದ್ರೂಪಾಯಿನೂ ಏರಿಲ್ಲ. ಅವರು ಪರ್ಮನೆಂಟ್ ಅಲ್ಲ ಅಂತ ಎಷ್ಟು ಸಲ ಹೇಳೋದು?"

"ಲಾಡು ಬರುತ್ತೆ, ದುಡ್ಡು ಬರಲ್ವಾ? ಬೀದೀಲಿ ಎಲ್ರೂ ಏರಿಸ್ತಿದಾರೆ. ಆಗಲ್ಲ ಅಂದ್ರೆ ಹೇಳ್ಬಿಡಿ. ಪರ್ಮನೆಂಟ್ ಇರೋರೇ ಒಬ್ರು ಕೇಳ್ಕೊಂಡು ಹೋಗಿದಾರೆ. ಕಿಟಕಿ ಮುಂದೆ ಬೈಕಿಗೆ ಶೆಡ್ ಹಾಕಿಸಿಕೊಡಿ ಅಂತಿದಾರೆ."

ಬಾಯಿಗೆ ಬಂದ ಬೈಗುಳವನ್ನು ಕಿಟಕಿಗೋಸ್ಕರ ನುಂಗಿಕೊಂಡೆ. ಗೋಗರೆದೆ. ನಿಮ್ಮ ಮನೆಯವರ ಬ್ಲೌಸುಗಳನ್ನೆಲ್ಲ ಬಿಟ್ಟಿ ಹೊಲಿದುಕೊಡುತ್ತೇನೆ ಅಂದೆ. ಆಸಾಮಿ ಜಗ್ಗಲಿಲ್ಲ, ಕೈ ಒರೆಸಿಕೊಂಡು ಮೇಲೆ ಹೋದ. ನಾನು ಒಳಗೆ ಹೋಗಿ ಗಂಡನ ಮೇಲೆ ಹಾರಾಡಿದೆ.

"ನಿಮಗೇನ್ರೀ ದೊಡ್ಡರೋಗ ಬಂದಿತ್ತು, ಅವನಿಗೆ ಲಾಡು ಕೊಡೋಕೆ?"

"ಮೇಲಿನ ಮನೆಯೋರನ್ನ ಬಿಟ್ಟು ನಾವೇ ತಿನ್ನೋಕಾಗುತ್ತಾ?" ಎಂದಿತು ಆ ಪ್ರಾಣಿ. ಅವರ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕಬೇಕು ಅನ್ನಿಸಿತು.

ಅಷ್ಟು ಬಾಡಿಗೆ ನಮ್ಮಿಂದ ಆಗಲಿಲ್ಲ. ಬೇರೆ ಮನೆ ಹುಡುಕಲು ಹೊರಟಾಗ, ಫ್ಯಾಕ್ಟರಿ ಅನ್ನುವ ಮಾತೇ ಎತ್ತಕೂಡದು ಎಂದು ಗಂಡನಿಗೆ ತಾಕೀತು ಮಾಡಿದೆ. ಕೆ.ಆರ್. ಪುರದ ಬಳಿ ಒಂದು ನೆಲಮಹಡಿ ಸಿಕ್ಕಿತು. ಜನ ಓಡಾಡುವ ಬೀದಿ, ಬೀದಿಗೇ ಕಿಟಕಿ. ನನಗೆ ಹೋದ ಜೀವ ಬಂತು. ಮನೆಯೊಡತಿ, ಯಜಮಾನರಿಗೆ ಎಲ್ಲಿ ಕೆಲಸ ಎಂದು ಕೇಳಿದಳು. ಕಂಟ್ರಾಕ್ಟರ್ ಹತ್ತಿರ ಅಡುಗೆ ಕೆಲಸ ಎಂದು ಇದ್ದದ್ದನ್ನೇ ಹೇಳಿದೆ.

"ಅಯ್ಯೋ, ಹಂಗಾದ್ರೆ ಆಗಲ್ಲಮ್ಮ. ನಾವು ಫ್ಯಾಕ್ಟರಿಯೋರಿಗೆ, ಸರ್ಕಾರದೋರಿಗೆ ಮಾತ್ರ ಕೊಡೋದು. ಸಂಬಳ ಗ್ಯಾರಂಟಿ ಇರ್ಬೇಕಲ್ಲ."

ಮುಂದಿನ ಮನೆಗಳಲ್ಲೂ ಅದೇ ರಾಗ. ಫ್ಯಾಕ್ಟರಿ ಎಂದರೆ ಸುಲಿಗೆ, ಅಲ್ಲ ಎಂದರೆ ಬೀದಿ. ಕೊನೆಗೆ ಒಂದು ಮೂರನೇ ಮಹಡಿಯ ಮನೆಯ ಮುಂದೆ ನಿಂತಾಗ, ಗಂಡ ಬಾಯಿ ತೆರೆಯುವ ಮೊದಲೇ ನಾನು "ಫ್ಯಾಕ್ಟರೀಲಿದಾರೆ ಸಾರ್" ಎಂದುಬಿಟ್ಟೆ. ಹೊಸ ಓನರನ ಮುಖ ಅರಳಿತು. ಹಳೆಯ ಓನರು ಕೇಳಿದಷ್ಟನ್ನೇ ಇವನೂ ಕೇಳಿದ. ಹಳೆಯ ಮನೆ ಆಗಲೇ ಬೈಕಿನವರ ಪಾಲಾಗಿತ್ತು, ಸುತ್ತಿ ಸುತ್ತಿ ಕಾಲು ಸೋತಿತ್ತು, ಒಪ್ಪಿಕೊಂಡೆ. ಇಲ್ಲಿರುವ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಬ್ಲೌಸ್ ಪೀಸ್ ಹಿಡಿದು ಮೂರು ಮಹಡಿ ಹತ್ತಿ ಇದುವರೆಗೆ ಒಬ್ಬಳೂ ಬಂದಿಲ್ಲ.